ಕಂಬಳದ ದಿನ: ಒಂದು ಒಕ್ಕಲು ಮನೆಯ ನೆನಪು

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲೂ ಅವಕ್ಕೆ ತಾಗಿಕೊಂಡಿರುವ ಕಾಸರಗೋಡಿನಲ್ಲೂ ನವೆಂಬರಿನಿಂದ ಮಾರ್ಚ್‌ವರೆಗೆ ನಡೆಯುವ ಕಂಬಳದ ಬಗ್ಗೆ ಬಂದಿರುವ ಬರಹಗಳಲ್ಲಿ ಕೋಣಗಳಿರುತ್ತವೆ, ಅವುಗಳ ಹಿಂದೆ ಓಡುವ ಓಟಗಾರರಿರುತ್ತಾರೆ, ಪದಕ ಗೆದ್ದ ಗುತ್ತಿನ, ಅಂದರೆ ಊರಿನ ಆಡಳಿತವನ್ನು ಒಂದು ಕಾಲದಲ್ಲಿ ಕೈಯಲ್ಲಿಟ್ಟುಕೊಂಡಿದ್ದ ದೊಡ್ಡ ಭೂಹಿಡುವಳಿಯ ಮನೆತನದ ಹೆಸರೂ ಇರುತ್ತದೆ. ಆದರೆ ಬೆಳಗ್ಗೆ ಮನೆಗೆ ಬೀಗ ಹಾಕಿ, ಮಕ್ಕಳಿಗೆ ತಲೆ ಬಾಚಿ, ಬುತ್ತಿ ಕಟ್ಟಿಕೊಂಡು ಬಂದು, ಗದ್ದೆಯ ಹುಣಿಯ, ಅಂದರೆ ಬದುವಿನ ಮೇಲೆ ಇಡೀ ಹಗಲು ನಿಂತು ನೋಡಿದ ಕುಟುಂಬಗಳು ಅವುಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಆ ಕುಟುಂಬಗಳಿಗೆ ಕಂಬಳವೆಂದರೆ ಓಟ, ತಿಂಡಿ ಮತ್ತು ಜೂಜು ಮೂರೂ ಸೇರಿದ ಒಂದು ದಿನವಾಗಿತ್ತು, ಮತ್ತು ಈ ಮೂರರಲ್ಲಿ ಯಾವುದನ್ನು ಬಿಟ್ಟು ಹೇಳಿದರೂ ಆ ದಿನದ ಚಿತ್ರ ಅರ್ಧವಾಗುತ್ತದೆ. ಬಂಟ್ವಾಳ ತಾಲೂಕಿನ ಒಂದು ಒಕ್ಕಲು ಮನೆಯವರು 1980ರ ದಶಕದ ಮೊದಲ ವರ್ಷಗಳಲ್ಲಿ ಹತ್ತಿರದ ಕಂಬಳಕ್ಕೆ ಹೋಗಿಬರುತ್ತಿದ್ದ ದಿನಗಳ ನೆನಪು ಇಲ್ಲಿದೆ. ಈ ಬರಹದ ಕರ್ತೃ ಆಗ ಆ ಮನೆಯ ಮಕ್ಕಳಲ್ಲಿ ಒಬ್ಬನಾಗಿದ್ದು, ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದ.

ಆ ಮನೆಯವರು ಕಂಬಳಕ್ಕೆ ನೋಡುಗರಾಗಿ ಹೋಗತೊಡಗಿದ್ದು ತೀರಾ ಇತ್ತೀಚಿನ ಬೆಳವಣಿಗೆ ಎಂಬುದು ಮಕ್ಕಳಿಗೆ ಆಗ ತಿಳಿದಿರಲಿಲ್ಲ. ಕರ್ನಾಟಕ ಭೂಸುಧಾರಣಾ ಕಾಯಿದೆಗೆ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು, ಗೇಣಿಗೆ ಕೊಟ್ಟ ಜಮೀನುಗಳು ಸರ್ಕಾರಕ್ಕೆ ಸೇರಿ, ಉಳುತ್ತಿದ್ದವರು ನಮೂನೆ 7ರಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಹಕ್ಕು ಪಡೆಯುವ ದಾರಿ ತೆರೆಯಿತು. ಊರಿನ ಬಾಯಲ್ಲಿ ಇದಕ್ಕೆ ‘ಡಿಕ್ಲರೇಶನ್ ಹಾಕುವುದು’ ಎಂಬ ಹೆಸರಿತ್ತು. ಅದಕ್ಕಿಂತ ಮೊದಲು ಈ ಮನೆಯ ಗಂಡಸರು ಕಂಬಳದ ದಿನ ಧಣಿಗಳ ಗದ್ದೆಗೆ ಹೋಗುತ್ತಿದ್ದುದು ಕೆಲಸಕ್ಕೆ. ಕೆಸರು ಹದ ಮಾಡಬೇಕಿತ್ತು, ಕೋಣಗಳಿಗೆ ನೀರು ಹೊರಬೇಕಿತ್ತು, ಬಾಳೆಗೊನೆ ತಲುಪಿಸಬೇಕಿತ್ತು, ಕೊನೆಗೆ ಎಲ್ಲರ ಊಟ ಮುಗಿದ ಮೇಲೆ ಹಿತ್ತಲಲ್ಲಿ ಎಲೆ ಹಾಕಿಸಿಕೊಂಡು ಉಂಡು ಬರಬೇಕಿತ್ತು. ಡಿಕ್ಲರೇಶನ್ ಇತ್ಯರ್ಥವಾಗಿ, ಗೇಣಿಯ ಅಕ್ಕಿಮುಡಿಗಳು, ಅಂದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಯ ಉಂಡೆಗಳು, ಧಣಿಗಳ ಚಾವಡಿಗೆ ಹೋಗುವುದು ನಿಂತ ಮೇಲೆ, ಅದೇ ಗದ್ದೆಯ ಬದಿಗೆ ಅದೇ ಜನ ಕೈಯಲ್ಲಿ ತಮ್ಮದೇ ದುಡ್ಡು ಹಿಡಿದುಕೊಂಡು, ಹೆಂಗಸರನ್ನೂ ಮಕ್ಕಳನ್ನೂ ಕರೆದುಕೊಂಡು, ತಮಗೆ ಬೇಕಾದಲ್ಲಿ ನಿಂತು ನೋಡಲು ಹೋದರು. ಅದೇ ಭೂಸುಧಾರಣೆಯಿಂದ ಗುತ್ತುಗಳ ಆದಾಯ ಕುಸಿದು ಹಲವು ಸಾಂಪ್ರದಾಯಿಕ ಕಂಬಳಗಳು ನಿಂತುಹೋದವು, ಉಳಿದವನ್ನು ಸಮಿತಿಗಳು ವಹಿಸಿಕೊಂಡವು ಎಂಬುದನ್ನು ಕಂಬಳದ ಚರಿತ್ರೆ ನಷ್ಟದ ಅಧ್ಯಾಯವಾಗಿ ಹೇಳುತ್ತ ಬಂದಿದೆ. ಒಕ್ಕಲು ಮನೆಯ ಕಡೆಯಿಂದ ನೋಡಿದರೆ ಕಂಬಳವು ಹಬ್ಬವಾದದ್ದೇ ಆಗ.

ಓಟದ ಹಾದಿಗೆ ‘ಕರೆ’ ಎನ್ನುತ್ತಾರೆ. ಗದ್ದೆಯ ಮಣ್ಣು, ಮರಳು, ನೀರು ಸೇರಿದ ಸುಮಾರು 120ರಿಂದ 160 ಮೀಟರ್ ಉದ್ದದ ಈ ಹಾದಿ ಒಂದೇ ಇದ್ದರೆ ಅದು ಒಂಟಿಕರೆ, ಪಕ್ಕಪಕ್ಕದಲ್ಲಿ ಎರಡಿದ್ದು ಎರಡು ಜೊತೆ ಕೋಣಗಳು ಏಕಕಾಲಕ್ಕೆ ಓಡುವಂತಿದ್ದರೆ ಜೋಡುಕರೆ. ಓಟ ಶುರುವಾಗುವ ತುದಿ ‘ಗಂತು’, ಕೋಣಗಳು ಏರಿ ನಿಲ್ಲುವ ಇನ್ನೊಂದು ತುದಿಯ ದಿಬ್ಬ ‘ಮಂಜೊಟ್ಟಿ’. ಜೋಡುಕರೆಗಳಿಗೆ ಕೋಟಿ-ಚೆನ್ನಯ, ವಿಜಯ-ವಿಕ್ರಮ, ಸೂರ್ಯ-ಚಂದ್ರ, ಲವ-ಕುಶ ಎಂದು ಜೋಡಿ ಹೆಸರುಗಳನ್ನಿಡುವ ರೂಢಿಯಿದೆ. ಸ್ಪರ್ಧೆಗಳ ವಿಂಗಡಣೆಯನ್ನು ಆ ಮನೆಯ ಮಕ್ಕಳು ಮಗ್ಗಿಗಿಂತ ಬೇಗ ಕಲಿತಿದ್ದರು: ನೊಗಕ್ಕೆ ಕಟ್ಟಿದ ಹಗ್ಗವನ್ನು ಹಿಡಿದು ಓಡುವುದು ಹಗ್ಗದ ಓಟ, ನೇಗಿಲಿನ ಆಕಾರದ ಹಗುರ ಮರವನ್ನು ಹಿಡಿದು ಓಡುವುದು ನೇಗಿಲಿನ ಓಟ, ಇವೆರಡರಲ್ಲೂ ಕೋಣಗಳ ವಯಸ್ಸಿನ ಮೇಲೆ ಹಿರಿಯ ಮತ್ತು ಕಿರಿಯ ಎಂಬ ಎರಡು ವಿಭಾಗ, ಅಡ್ಡವಾದ ಹಲಗೆಯ ಮೇಲೆ ನಿಂತು ಸಾಗುವುದು ಅಡ್ಡಹಲಗೆ, ಎಲ್ಲಕ್ಕಿಂತ ಕೊನೆಯದಾಗಿ, ಎಲ್ಲಕ್ಕಿಂತ ಹೆಚ್ಚು ಜನ ಕಾಯುತ್ತಿದ್ದುದು ಕನೆಹಲಗೆ.

ಕನೆಹಲಗೆಯಲ್ಲಿ ವೇಗ ಮುಖ್ಯವಲ್ಲ. ತೂತುಗಳಿರುವ ಸಣ್ಣ ಮರದ ತುಂಡಿನ ಮೇಲೆ ಒಂದೇ ಕಾಲನ್ನು ಊರಿ, ಇನ್ನೊಂದು ಕಾಲನ್ನು ಗಾಳಿಯಲ್ಲಿಟ್ಟು, ಕೋಣಗಳ ಬಾಲ ಹಿಡಿದು ಓಟಗಾರ ಸಾಗುವಾಗ ಆ ತೂತುಗಳಿಂದ ಕೆಸರುನೀರು ಚಿಮ್ಮಿ ಮೇಲೇರುತ್ತದೆ, ಮತ್ತು ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ಬಿಳಿ ಬಟ್ಟೆಗೆ, ಅಂದರೆ ‘ನಿಶಾನೆ’ಗೆ ಅದು ತಾಗಿದರೆ ಮಾತ್ರ ಗೆಲುವು. ನಿಶಾನೆಯ ಎತ್ತರವನ್ನು ಕೋಲು ಎಂಬ ಅಳತೆಯಲ್ಲಿ ಹೇಳುತ್ತಾರೆ. ಆರೂವರೆ ಕೋಲಿಗೆ ನೀರು ಹಾಯಿಸುವುದೇ ಸಾಧನೆ, ಏಳೂವರೆ ಕೋಲಿಗೆ ಹಾಯಿಸಿದ ಜೋಡಿಯ ಹೆಸರು ವರ್ಷಗಟ್ಟಲೆ ಊರಿನಲ್ಲಿ ಉಳಿಯುತ್ತಿತ್ತು. ನೀರು ತಾಗಿತೋ ಇಲ್ಲವೋ ಎಂದು ತೀರ್ಪುಗಾರರು ಬಟ್ಟೆಯ ಕೆಳಗೆ ನಿಂತು ಕತ್ತೆತ್ತಿ ಕಲೆ ಹುಡುಕುವ ಆ ಅರೆ ನಿಮಿಷದಲ್ಲಿ ಸಾವಿರಾರು ಜನರ ಗದ್ದಲ ಒಮ್ಮೆಲೆ ತಗ್ಗುತ್ತಿತ್ತು, ಮತ್ತು ಆ ಮನೆಯ ಅಜ್ಜಿ, ಕಣ್ಣು ಅಷ್ಟಾಗಿ ಕಾಣದವರಾದರೂ, ಪ್ರತಿ ಸಲವೂ ‘ತಾಗಿದೆ’ ಎಂದು ಎಲ್ಲರಿಗಿಂತ ಮೊದಲು ಘೋಷಿಸಿಬಿಡುತ್ತಿದ್ದರು. ಗೆದ್ದವರಿಗೆ ಸಿಗುತ್ತಿದ್ದುದಾದರೂ ಏನು? ಹಳೆಯ ಕಾಲದಲ್ಲಿ ತೆಂಗಿನಕಾಯಿ, ಬಾಳೆಗೊನೆ. ಆಮೇಲೆ ಒಂದೆರಡು ಪವನು ಚಿನ್ನ (ಎಂಟು ಗ್ರಾಮಿಗೆ ಒಂದು ಪವನು). ಒಂದು ಜೊತೆ ಓಟದ ಕೋಣಗಳಿಗೆ ವರ್ಷವಿಡೀ ಹಾಕುವ ಹುರುಳಿ, ಹಚ್ಚುವ ಎಣ್ಣೆ, ನೋಡಿಕೊಳ್ಳುವವರ ಸಂಬಳ ಇವುಗಳ ಮುಂದೆ ಈ ಬಹುಮಾನ ಲೆಕ್ಕಕ್ಕೇ ಬರುವಂಥದಲ್ಲ. ಓಟದ ಕೋಣ ಸಾಕುವುದು ಗಳಿಕೆಗಾಗಿ ಅಲ್ಲ ಎಂಬುದನ್ನು ಊರಿನವರೆಲ್ಲ ಬಲ್ಲರು, ಮತ್ತು ಹುಣಿಯ ಮೇಲೆ ನಿಂತ ಒಕ್ಕಲು ಮನೆಯವರು ಒಂದು ಗುತ್ತಿನ ಕೋಣಗಳಿಗೆ ಜಯಕಾರ ಹಾಕುವಾಗ ಆ ಮನೆತನದ ಮೇಲಿನ ಹಳೆಯ ಅಸಮಾಧಾನವನ್ನು ಕೋಣಗಳ ಮೇಲೆ ತೀರಿಸಿಕೊಳ್ಳುತ್ತಿರಲಿಲ್ಲ.

ತಿಂಡಿಯ ವಿಷಯದಲ್ಲಿ ಅಜ್ಜಿಯದೊಂದು ಕಟ್ಟುನಿಟ್ಟಿನ ನಿಯಮವಿತ್ತು: ಸಮಿತಿಯವರು ಮಧ್ಯಾಹ್ನ ಬಡಿಸುವ ಕುಚ್ಚಲಕ್ಕಿ ಗಂಜಿ ಮತ್ತು ಚಟ್ನಿಯನ್ನು ಯಾರು ಬೇಕಾದರೂ ಉಣ್ಣಬಹುದು, ಆದರೆ ಅದಕ್ಕಿಂತ ಮೊದಲು ಎಲ್ಲರೂ ಹೋಟೆಲಿನಲ್ಲಿ ಕುಳಿತು, ದುಡ್ಡು ಕೊಟ್ಟು, ಏನಾದರೂ ತಿನ್ನಲೇಬೇಕು. ಹೋಟೆಲೆಂದರೆ ಮಡಲು ಹೊದಿಸಿದ ನಾಲ್ಕು ಕಂಬ, ಎರಡು ಉದ್ದ ಬೆಂಚು, ಒಂದು ದೊಡ್ಡ ಬಾಣಲೆ. ಮೈದಾಹಿಟ್ಟನ್ನು ಹುಳಿಮೊಸರಿನಲ್ಲಿ ಕಲಸಿ, ಹಸಿಮೆಣಸು, ಶುಂಠಿ, ಕೊಬ್ಬರಿ ಚೂರು ಸೇರಿಸಿ ಹುದುಗಲು ಬಿಟ್ಟ ಹಿಟ್ಟನ್ನು ಅಡುಗೆಯವನು ಬೆರಳ ತುದಿಯಿಂದ ಜಾರಿಸಿ ಎಣ್ಣೆಗೆ ಬಿಡುತ್ತಿದ್ದ ರೀತಿ, ಬಿದ್ದ ಹಿಟ್ಟು ತಳಕ್ಕಿಳಿದು ಕ್ಷಣದಲ್ಲಿ ಗುಂಡಗೆ ಉಬ್ಬಿ ಮೇಲೆ ಬಂದು ತಾನಾಗಿಯೇ ಮಗುಚಿಕೊಳ್ಳುತ್ತಿದ್ದ ಬಗೆ, ಹೊರಗೆ ಕೆಂಪಗೆ ಗರಿಯಾಗಿ ಒಳಗೆ ಬಿಳಿಯ ಹತ್ತಿಯಂತಿರುತ್ತಿದ್ದ ಆ ಗೋಳಿಬಜೆಯನ್ನು ಮುರಿದಾಗ ಏಳುತ್ತಿದ್ದ ಹುಳಿವಾಸನೆಯ ಹಬೆ, ಇವನ್ನು ಮಕ್ಕಳು ಓಟದಷ್ಟೇ ಗಮನವಿಟ್ಟು ನೋಡುತ್ತಿದ್ದರು. ಮಧ್ಯಾಹ್ನದ ಬಿಸಿಲಿಗೆ ಬೊಂಡ, ಅಂದರೆ ಎಳನೀರು, ಮತ್ತು ಕಲ್ಲಂಗಡಿ. ಸಂಜೆಗೆ ಈರುಳ್ಳಿ, ಟೊಮೆಟೊ, ತೆಂಗಿನೆಣ್ಣೆ ಹಾಕಿ ಡಬ್ಬದಲ್ಲಿ ಗಡಗಡನೆ ಕಲಸಿಕೊಡುವ ಚರುಮುರಿ. ಮನೆಯಲ್ಲಿ ಇವುಗಳನ್ನು ಇನ್ನೂ ರುಚಿಯಾಗಿ ಮಾಡಬಲ್ಲವರು ದುಡ್ಡು ತೆತ್ತು ಬೆಂಚಿನ ಮೇಲೆ ಕುಳಿತು ತಿನ್ನಬೇಕೆಂದು ಏಕೆ ಪಟ್ಟು ಹಿಡಿಯುತ್ತಿದ್ದರು ಎಂಬುದು, ಹಿತ್ತಲಲ್ಲಿ ಎಲೆ ಹಾಕಿಸಿಕೊಂಡು ಉಣ್ಣುತ್ತಿದ್ದ ಕಾಲದ ಬಗ್ಗೆ ದೊಡ್ಡಮ್ಮ ಬಹಳ ವರ್ಷಗಳ ನಂತರ ಹೇಳಿದಾಗಲಷ್ಟೇ ಮಕ್ಕಳಿಗೆ ಅರ್ಥವಾಯಿತು.

ಜೂಜಿಗೆ ಕರಾವಳಿಯ ಆಡುಮಾತು ‘ಜುಗಾರಿ’. ಕಂಬಳದ ಗದ್ದೆಯಿಂದ ಕೂಗಳತೆಯಲ್ಲಿ, ಅಂಗಡಿಗಳ ಸಾಲು ಮುಗಿಯುವ ಕಡೆ, ಅದು ಮೂರು ಬಗೆಯಲ್ಲಿ ನಡೆಯುತ್ತಿತ್ತು. ಮೊದಲನೆಯದು ದಾಳದಾಟ. ನೆಲಕ್ಕೆ ಹಾಸಿದ ಹಾಳೆಯ ಮೇಲೆ ಆರು ಚೌಕಗಳು, ಅವುಗಳಲ್ಲಿ ಇಸ್ಪೀಟು, ಆಟೀನು, ಡೈಮಂಡು, ಕಳಾವರ ಎಂಬ ಎಲೆಯಾಟದ ನಾಲ್ಕು ಗುರುತುಗಳು, ಜೊತೆಗೆ ಒಂದು ಕಿರೀಟ, ಒಂದು ಲಂಗರು. ಅದೇ ಆರು ಗುರುತುಗಳಿರುವ ದಾಳಗಳನ್ನು ಡಬ್ಬದೊಳಗೆ ಕುಲುಕಿ ಮಗುಚಿ ಹಾಕಿ, ಜನರೆಲ್ಲ ದುಡ್ಡಿಟ್ಟ ಮೇಲೆ ಡಬ್ಬ ಎತ್ತುವುದು. ಮೂರು ದಾಳಗಳ ಆಟವಾದರೆ ಬೀಳಬಹುದಾದ ರೀತಿಗಳು 216. ಅವುಗಳಲ್ಲಿ 125ರಲ್ಲಿ ದುಡ್ಡಿಟ್ಟ ಗುರುತು ಒಂದು ದಾಳದಲ್ಲೂ ಬೀಳುವುದಿಲ್ಲ, 75ರಲ್ಲಿ ಒಂದರಲ್ಲಿ, 15ರಲ್ಲಿ ಎರಡರಲ್ಲಿ, ಒಂದೇ ಒಂದರಲ್ಲಿ ಮೂರರಲ್ಲೂ ಬೀಳುತ್ತದೆ. ಬಿದ್ದ ದಾಳಗಳಷ್ಟೇ ಪಟ್ಟು ಗೆಲುವು ಕೊಡುವ ಲೆಕ್ಕದಲ್ಲಿ, ಯಾವ ಮೋಸವೂ ಇಲ್ಲದೆ ಆಡಿದರೂ, ನೂರು ರೂಪಾಯಿ ಇಟ್ಟವನು ಸರಾಸರಿ ಎಂಟು ರೂಪಾಯಿಯಷ್ಟನ್ನು ಹಾಳೆಯವನಿಗೆ ಬಿಟ್ಟು ಏಳುತ್ತಾನೆ. ಎರಡನೆಯದು ‘ಉಲಾಯಿ-ಪಿದಾಯಿ’, ಅಂದರೆ ಒಳಗೆ-ಹೊರಗೆ, ಉಳಿದ ಕಡೆ ಅಂದರ್-ಬಾಹರ್ ಎಂದು ಕರೆಯುವ ಎಲೆಯಾಟ: ಒಂದು ಎಲೆಯನ್ನು ತೆರೆದಿಟ್ಟು, ಕಟ್ಟಿನಿಂದ ಒಂದೊಂದೇ ಎಲೆಯನ್ನು ಎರಡು ಬದಿಗೆ ಸರದಿಯಂತೆ ಹಾಕುತ್ತ ಹೋದಾಗ ಅದರ ಜೊತೆಯ ಎಲೆ ಯಾವ ಬದಿಗೆ ಬೀಳುತ್ತದೆ ಎಂಬುದರ ಮೇಲೆ ಪಣ. ಮೊದಲು ಎಲೆ ಬೀಳುವ ಬದಿಗೆ ನೂರಕ್ಕೆ ಐವತ್ತೊಂದೂವರೆಯಷ್ಟು ಅವಕಾಶವಿರುವುದರಿಂದ ಇದು ದಾಳಕ್ಕಿಂತ ನ್ಯಾಯದ ಆಟದಂತೆ ತೋರುತ್ತದೆ, ಆದರೆ ಒಂದು ಪಣ ಮುಗಿಯಲು ಅರೆ ನಿಮಿಷವೂ ಬೇಡವಾದ್ದರಿಂದ ಕಳೆದುಕೊಳ್ಳುವ ವೇಗವೂ ಹೆಚ್ಚು.

ಮೂರನೆಯದು ಕೋಳಿಅಂಕ, ಅಂದರೆ ಕೋಳಿಗಳ ಕಾಳಗ. ಗುಡ್ಡೆಯ ಮರೆಯಲ್ಲಿ ನಡೆಯುತ್ತಿದ್ದ ಇದರ ಹತ್ತಿರ ಹೆಂಗಸರೂ ಮಕ್ಕಳೂ ಹೋಗುವಂತಿರಲಿಲ್ಲ. ಆದರೂ ಕೋಳಿಯ ಕಾಲಿಗೆ ಕತ್ತಿ ಕಟ್ಟುವುದನ್ನು ಈ ಬರಹದ ಕರ್ತೃ ಮಾವನ ಬೆನ್ನ ಹಿಂದೆ ನಿಂತು ನೋಡಿದ್ದುಂಟು. ‘ಬಾಳು’ ಎಂದು ಕರೆಯುವ ಕಿರುಬೆರಳಿನಷ್ಟುದ್ದದ ಆ ಕತ್ತಿಯನ್ನು ಪಳಗಿದವನೊಬ್ಬ ಮೊಣಕಾಲುಗಳ ನಡುವೆ ಕೋಳಿಯನ್ನು ಅವುಚಿಕೊಂಡು, ಕಾಲಿನ ಮುಳ್ಳಿನ ಜಾಗದಲ್ಲಿ ಬಟ್ಟೆಯ ಮೆತ್ತೆಯಿಟ್ಟು, ನೂಲನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಸುತ್ತುತ್ತ ಬಿಗಿಯುತ್ತಿದ್ದ. ಸುತ್ತು ಸಡಿಲವಾದರೆ ಕತ್ತಿ ಹೊರಳುತ್ತದೆ, ಬಿಗಿಯಾದರೆ ಕೋಳಿ ಕುಂಟುತ್ತದೆ, ಆದ್ದರಿಂದ ಕಟ್ಟಿದ ಮೇಲೆ ಕೋಳಿಯನ್ನು ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಕೋಳಿಗಳನ್ನು ಬಣ್ಣದ ಮೇಲೆ ಬೊಳ್ಳೆ, ಮೈಪೆ, ಉರಿಯೆ, ನೀಲೆ ಎಂದು ವಿಂಗಡಿಸಿ, ಯಾವ ದಿನ ಯಾವ ಬಣ್ಣಕ್ಕೆ ಜಯ ಎಂದು ತಿಳಿಸುವ ಕುಕ್ಕುಟ ಪಂಚಾಂಗವನ್ನು ನೋಡಿಕೊಂಡು ಕಣಕ್ಕಿಳಿಸುವವರೂ ಇದ್ದರು. ಸೋತು ಸತ್ತ ಕೋಳಿ ಗೆದ್ದವನಿಗೆ ಸೇರುತ್ತಿತ್ತು. ಅದಕ್ಕೆ ‘ಒಟ್ಟೆ’ ಎಂಬ ಹೆಸರಿದ್ದು, ಅದರ ಪದಾರ್ಥಕ್ಕೆ ಬೇರೆಯೇ ರುಚಿಯೆಂಬ ನಂಬಿಕೆ ಊರಲ್ಲೆಲ್ಲ ಇತ್ತು. ಪ್ರಾಣಿಯೊಂದನ್ನು ಹೀಗೆ ಕತ್ತಿ ಕಟ್ಟಿ ಕಾದಿಸುವುದು ಕ್ರೌರ್ಯವೆಂಬುದರಲ್ಲಿ ಎರಡು ಮಾತಿಲ್ಲ, 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಅದನ್ನು ಅಪರಾಧವೆಂದು ಆಗಲೇ ಹೇಳಿತ್ತು, ಮತ್ತು 1963ರ ಕರ್ನಾಟಕ ಪೊಲೀಸ್ ಕಾಯಿದೆಯ ಪ್ರಕಾರ ಬಯಲಿನ ಈ ಜುಗಾರಿಯೂ ಅಪರಾಧವೇ. ಅದೇ ಕಾಯಿದೆ ಕುದುರೆ ಪಂದ್ಯದ ಬಾಜಿಗೆ ಮಾತ್ರ ವಿನಾಯಿತಿ ಕೊಟ್ಟಿದೆ, ಮತ್ತು ಕುದುರೆ ಪಂದ್ಯ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪಿತ್ತಿದೆ. ಬೆಂಗಳೂರಿನ, ಮೈಸೂರಿನ ರೇಸುಗಳಿಗೆ ಸಿಕ್ಕ ಈ ಮನ್ನಣೆಯ ಸುದ್ದಿ ಕೇಳಿದಾಗ ಗುಡ್ಡೆಯ ಜನರಿಗೆ ಆದ ಆಶ್ಚರ್ಯ ಸಹಜವೇ ಆಗಿತ್ತು.

ಆ ಮನೆಯಲ್ಲಿ ಜುಗಾರಿಗೆ ಕಟ್ಟಳೆ ಹಾಕಿದವರು ಅಜ್ಜಿಯೇ. ಅಡಿಕೆ ಮಾರಿದ ದುಡ್ಡಿನಿಂದ ಕಂಬಳಕ್ಕೆಂದು ಒಂದು ಮೊತ್ತವನ್ನು ತೆಗೆದಿಟ್ಟು, ಬಸ್ಸಿನ ದುಡ್ಡು ಮತ್ತು ತಿಂಡಿಯ ದುಡ್ಡನ್ನು ತಾವೇ ಸೆರಗಿನಲ್ಲಿ ಗಂಟು ಹಾಕಿಕೊಂಡು, ಉಳಿದುದನ್ನು ಮಾವನಿಗೆ ಕೊಡುತ್ತಿದ್ದರು. ಅದು ಮುಗಿದರೆ ಮುಗಿಯಿತು, ಯಾರಿಂದಲೂ ಕೈಗಡ ಪಡೆದು ಆಡುವಂತಿರಲಿಲ್ಲ. ಮಕ್ಕಳಿಗೂ ಒಂದೊಂದು ನಾಣ್ಯ ಸಿಗುತ್ತಿತ್ತು, ಅದನ್ನು ಐಸ್‌ಕ್ಯಾಂಡಿಗೆ ಹಾಕುವುದೋ ದಾಳದ ಹಾಳೆಯ ಮೇಲಿಡುವುದೋ ಅವರವರಿಗೆ ಬಿಟ್ಟದ್ದು, ಮತ್ತು ಅಜ್ಜಿ ತಾವೂ ಪ್ರತಿ ವರ್ಷ ಒಂದು ನಾಣ್ಯವನ್ನು ಕಳಾವರದ ಮೇಲೆ ಇಟ್ಟು, ಬಂದರೂ ಹೋದರೂ ಅಲ್ಲಿಂದ ಎದ್ದುಬಿಡುತ್ತಿದ್ದರು. ಇದನ್ನು ಜೂಜಿನ ಸಮರ್ಥನೆಯೆಂದು ತಿಳಿಯಬಾರದು. ನೆರೆಯ ಮನೆಯೊಂದರಲ್ಲಿ ಉಲಾಯಿ-ಪಿದಾಯಿಗೆ ಕುಳಿತವರು ಹೆಂಡತಿಯ ಕರಿಮಣಿಯನ್ನು ಅಡವಿಟ್ಟದ್ದನ್ನೂ, ಆ ಹೆಂಗಸು ಮರುದಿನ ಯಾರ ಮುಖವನ್ನೂ ನೋಡದೆ ನೇಜಿ ನೆಡುವ ಸಾಲಿನಲ್ಲಿ ಬಗ್ಗಿ ನಿಂತದ್ದನ್ನೂ ಊರು ಕಂಡಿತ್ತು, ಮತ್ತು ಅಜ್ಜಿಯ ಕಟ್ಟಳೆ ಹುಟ್ಟಿದ್ದು ಅಂಥದನ್ನೆಲ್ಲ ನೋಡಿಯೇ. ಹೊಸದಾಗಿ ತಮ್ಮದಾದ ಗದ್ದೆಯ ದುಡ್ಡನ್ನು ಒಂದು ದಿನದ ಮಟ್ಟಿಗೆ ತಮಗೆ ತೋಚಿದಂತೆ ಖರ್ಚು ಮಾಡುವ ಸ್ವಾತಂತ್ರ್ಯ ಮನೆಯವರಿಗೆ ಇರಬೇಕು, ಆದರೆ ಗದ್ದೆ ಮತ್ತೆ ಕೈತಪ್ಪುವ ದಾರಿ ಮಾತ್ರ ತೆರೆಯಬಾರದು ಎಂಬ ಎರಡು ಕಾಳಜಿಗಳನ್ನು ಓದುಬರಹ ಬಾರದ ಆ ಹೆಂಗಸು ಒಂದು ಸೆರಗಿನ ಗಂಟಿನಲ್ಲಿ ಹಿಡಿದಿಟ್ಟಿದ್ದರು. ಆ ಜುಗಾರಿಗೆ ಒಂದು ಜಾಗವಿತ್ತು, ಒಂದು ಹೊತ್ತಿತ್ತು, ಸುತ್ತ ಬಂಧುಗಳ ಕಣ್ಣಿತ್ತು. ಹತ್ತಾರು ವರ್ಷಗಳ ನಂತರ ಅದೇ ಊರಿನ ಹುಡುಗರು ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ಹಣ ಕಟ್ಟತೊಡಗಿದಾಗ ಈ ಮೂರೂ ಇಲ್ಲವಾದವು; ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಮಾಡುವ ಹೊತ್ತಿಗೆ ಹಲವು ಮನೆಗಳು ಬರಿದಾಗಿದ್ದವು.

ಆ ದಿನಗಳ ಸಂತೋಷವನ್ನು ಹೇಳುವಾಗ ಹೇಳದೆ ಬಿಡಲಾಗದ ಇನ್ನೊಂದು ಸಂಗತಿಯಿದೆ. ಕಂಬಳದ ಹಿಂದಿನ ರಾತ್ರಿಯಿಡೀ ಗದ್ದೆಯ ಬದಿಯಲ್ಲಿ ಡೋಲು ಬಾರಿಸುತ್ತ ಮಂಜಿನಲ್ಲಿ ಕುಳಿತಿರುತ್ತಿದ್ದವರು ಕೊರಗ ಸಮುದಾಯದವರು. ಕೋಣಗಳಿಗಿಂತ ಮೊದಲು ಕರೆಯಲ್ಲಿ ಓಡುವಂತೆ ಅವರನ್ನು ನಿರ್ಬಂಧಿಸುವುದೂ ಇತ್ತು. ಒಂದು ಸಮುದಾಯವನ್ನು ಕೀಳೆಂದು ಬಗೆದು ಪುಕ್ಕಟೆಯಾಗಿ ಇಂಥ ಕೆಲಸ ಮಾಡಿಸುವ ‘ಅಜಲು’ ಪದ್ಧತಿಯನ್ನು ಕರ್ನಾಟಕ ಸರ್ಕಾರ ನಿಷೇಧಿಸಿದ್ದು 2000ದ ಕಾಯಿದೆಯಿಂದ, ಅಂದರೆ ಗೇಣಿದಾರರಿಗೆ ಭೂಮಿ ಸಿಕ್ಕಿ ಕಾಲು ಶತಮಾನ ಕಳೆದ ಮೇಲೆ. ಹಿತ್ತಲಿನ ಎಲೆಯಿಂದ ಬೆಂಚಿಗೆ ಬಂದು ಕುಳಿತ ಒಕ್ಕಲು ಮನೆಗಳವರು ಡೋಲಿನ ಸದ್ದನ್ನು ಕೇಳುತ್ತಲೇ ಗೋಳಿಬಜೆ ತಿಂದರು, ಡೋಲು ಬಾರಿಸುವವರಿಗೆ ಬೆಂಚಿನಲ್ಲಿ ಜಾಗವಿದೆಯೇ ಎಂದು ಯಾರೂ ಕೇಳಲಿಲ್ಲ. ನೋಡುಗರಾಗಿ ಬರುವ ಹಕ್ಕು ಎಲ್ಲರಿಗೂ ಒಟ್ಟಿಗೆ ಸಿಗಲಿಲ್ಲ ಎಂಬ ಈ ಸತ್ಯವನ್ನು ಕಂಬಳದ ಅಭಿಮಾನಿಗಳೇ ಮೊದಲಾಗಿ ಹೇಳಬೇಕು.

ಸಂಜೆ ಕನೆಹಲಗೆ ಮುಗಿಯುವವರೆಗೆ ಕಾಯುವುದು ಸಾಧ್ಯವಾಗದ ವರ್ಷಗಳೂ ಇದ್ದವು, ಏಕೆಂದರೆ ಓಟಗಳು ರಾತ್ರಿ ದಾಟಿ ಮರುದಿನದವರೆಗೂ ಮುಂದುವರಿಯುತ್ತಿದ್ದವು. ಮಾವ ಒಟ್ಟೆ ಗೆದ್ದು ತಂದ ವರ್ಷವಂತೂ ಕತ್ತಲಾಗುವ ಮೊದಲೇ ಎಲ್ಲರೂ ಮನೆ ಸೇರುತ್ತಿದ್ದರು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತೆ ಹುರಿದು, ತೆಂಗಿನಕಾಯಿಯೊಡನೆ ಕಡೆಯುವ ಕಲ್ಲಿನಲ್ಲಿ ಅರೆದು, ಕೊನೆಗೆ ಕಾಯಿಹಾಲು ಹಾಕಿ ಇಳಿಸಿದ ಪದಾರ್ಥವನ್ನು, ಕುಚ್ಚಲಕ್ಕಿಯ ಗರಿಗರಿ ರೊಟ್ಟಿಯನ್ನು ಬಟ್ಟಲಿಗೆ ಮುರಿದು ಅದರ ಮೇಲೆ ಹೊಯ್ದು, ರೊಟ್ಟಿ ಅರ್ಧ ಮೆತ್ತಗಾಗಿ ಅರ್ಧ ಗರಿಯಾಗಿರುವಾಗಲೇ ತಿನ್ನುವ ಕೋರಿರೊಟ್ಟಿಯನ್ನು ಇಂದು ಮುಂಬಯಿಯಿಂದ ದುಬೈವರೆಗಿನ ಹೋಟೆಲುಗಳಲ್ಲಿ ಉಣ್ಣಬಹುದು. ಕಾದಾಡಿ ಸತ್ತ ಕೋಳಿಯ ಮಾಂಸ ಗಟ್ಟಿಯಾಗಿರುವುದರಿಂದ ಅಂದು ಬೇಯಲು ಬಹಳ ಹೊತ್ತು ಹಿಡಿಯುತ್ತಿತ್ತು, ಮತ್ತು ಆ ಹೊತ್ತಿನಲ್ಲಿ ಒಲೆಯ ಸುತ್ತ ದಿನದ ಲೆಕ್ಕ ಒಪ್ಪಿಸುವುದು ನಡೆಯುತ್ತಿತ್ತು: ಮಾವ ಎಷ್ಟು ಕಳೆದರು, ಯಾವ ಜೋಡಿ ಗಂತಿನಲ್ಲೇ ಅಡ್ಡಾಯಿತು, ಹೋಟೆಲಿನವನ ಚಟ್ನಿಯಲ್ಲಿ ಏನು ಕಡಿಮೆಯಿತ್ತು.

ಕಂಬಳ ಅಲ್ಲಿಂದ ಬಹಳ ದೂರ ಬಂದಿದೆ. 2014ರ ಮೇ ತಿಂಗಳಲ್ಲಿ ಜಲ್ಲಿಕಟ್ಟಿನ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನ ಬಳಿಕ ಕಂಬಳವೂ ಪ್ರಶ್ನೆಗೊಳಗಾಗಿ, 2016ರಲ್ಲಿ ಹೈಕೋರ್ಟು ತಡೆ ನೀಡಿ, 2017ರಲ್ಲಿ ರಾಜ್ಯ ತಿದ್ದುಪಡಿ ತಂದು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಕೋಣಗಳಿಗೆ ಹೊಡೆಯುವುದರ ಬಗ್ಗೆ ಎದ್ದ ಆಕ್ಷೇಪ ನ್ಯಾಯವಾದದ್ದೇ, ಮತ್ತು ಕಂಬಳದೊಳಗಿನವರು ಅದಕ್ಕೆ ಕಿವಿಗೊಟ್ಟಷ್ಟೂ ಕಂಬಳಕ್ಕೇ ಲಾಭ. 2023ರ ನವೆಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕರೆ ತೋಡಿ ಕೋಣಗಳನ್ನು ಓಡಿಸಲಾಯಿತು. ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಓಟಗಾರನ ಸ್ಥಾನದಲ್ಲಿ ಆದದ್ದು. ಪ್ರೊ. ಗುಣಪಾಲ ಕಡಂಬರ ಮುಂದಾಳುತನದ ಕಂಬಳ ಅಕಾಡೆಮಿ ಯುವಕರಿಗೆ ಕ್ರಮಬದ್ಧ ತರಬೇತಿ ಕೊಡತೊಡಗಿತು. 2020ರ ಫೆಬ್ರವರಿ 1ರಂದು ಐಕಳದಲ್ಲಿ 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದ ಶ್ರೀನಿವಾಸ ಗೌಡರ ಹೆಸರು ದೇಶದಾಚೆಗೂ ಕೇಳಿಸಿತು. ಅಜ್ಜಿಯ ಕಾಲದಲ್ಲಿ ಧ್ವನಿವರ್ಧಕದಲ್ಲಿ ಕೂಗುತ್ತಿದ್ದುದು ಕೋಣಗಳ ಯಜಮಾನರ ಮನೆತನದ ಹೆಸರನ್ನು. ಇಂದು ಕೂಗುವಾಗ ಆ ಹೆಸರಿನ ಬೆನ್ನಿಗೇ ಕೆಸರಿನಲ್ಲಿ ಓಡಿದವನ ಊರು, ಹೆಸರು ಎರಡನ್ನೂ ಹೇಳುತ್ತಾರೆ.